ಒಂಬತ್ತರಲ್ಲಿ ಆರನೆಯ ಪುಟ

ಕಾಗದದ ಕಟ್ಟಿನಿಂದ ಸ್ಟೇಪ್ಲರ್ ಪಿನ್ನು ಕೀಳುವುದು ಹೇಗೆ ಎಂಬುದು ಮನುಷ್ಯಕುಲ ಇನ್ನೂ ಗಂಭೀರವಾಗಿ ಕೂತು ಯೋಚಿಸದ ಮಹತ್ವದ ಪ್ರಶ್ನೆಗಳಲ್ಲಿ ಒಂದು. ಹೆಚ್ಚಿನವರು ಉಗುರಿನಿಂದ ಕೀಳುತ್ತಾರೆ. ಉಗುರೂ ಹೋಗುತ್ತದೆ, ಕಾಗದವೂ ಹರಿಯುತ್ತದೆ. ಕೆಲವರು ಹಲ್ಲು ಹಾಕುತ್ತಾರೆ. ಕಚೇರಿಯವರು ಕೀಳುವುದೇ ಇಲ್ಲ, ಅದರ ಪಕ್ಕದಲ್ಲಿ ಇನ್ನೊಂದು ಹೊಡೆಯುತ್ತಾರೆ. ಬೆನ್ನು ಕೈಕೊಟ್ಟು ಒಂಬತ್ತು ವಾರದಿಂದ ಚಾಪೆ ಹಿಡಿದಿದ್ದ ಒಬ್ಬ ಹೊಲಿಗೆ ಮೆಷಿನ್ ಮೆಕ್ಯಾನಿಕ್ ಮಾತ್ರ, ಒಂದು ಗುರುವಾರ ಮಧ್ಯಾಹ್ನ ಎರಡೂವರೆಗೆ, ತನ್ನ ಅತಿ ಸಣ್ಣ ಸ್ಕ್ರೂಡ್ರೈವರಿನ ತುದಿಯಿಂದ ಪಿನ್ನಿನ ಎರಡೂ ಕಾಲು ನೆಟ್ಟಗೆ ಮಾಡಿ, ಕಾಗದಕ್ಕೆ ಗೊತ್ತೇ ಆಗದ ಹಾಗೆ ಎಳೆದು ತೆಗೆದ. ಈ ಕತೆ ಆ ಪಿನ್ನಿನದು. ಉಳಿದವರೆಲ್ಲ ಅದಕ್ಕೆ ಸಿಕ್ಕಿಕೊಂಡು ಬಂದವರು.

ಈ ಮೆಕ್ಯಾನಿಕ್ ಎಂಬತ್ತು ಮೆಷಿನ್ನುಗಳ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕೆಲಸ ಮಾಡಿದವನು. ಎಂಬತ್ತೂ ಒಟ್ಟಿಗೆ ಓಡುತ್ತಿರುವಾಗ ಯಾವುದೋ ಒಂದರ ಸದ್ದು ಕೂದಲೆಳೆಯಷ್ಟು ಬದಲಾದರೂ ಊಟದ ಡಬ್ಬಿ ಮುಚ್ಚಿಟ್ಟು ಎದ್ದು ಹೋಗುತ್ತಿದ್ದ. ಮನೆಯಲ್ಲಿ ಹೆಂಡತಿ ಮೂರು ಸಲ ಕರೆದರೆ ಮಾತ್ರ ಕೇಳಿಸುತ್ತಿರಲಿಲ್ಲ. ಅರವತ್ತೆರಡನೇ ಮೆಷಿನ್ನಿನ ಮೋಟಾರನ್ನು ಇಬ್ಬರು ಹಿಡಿದು ಇಳಿಸಬೇಕು ಎಂದು ಗೋಡೆಯ ಮೇಲೆ ಬರೆದು ಹಾಕಿದ್ದವನೂ ಅವನೇ, ಅದನ್ನು ಒಬ್ಬನೇ ಇಳಿಸಲು ಹೋದವನೂ ಅವನೇ. ಬೆನ್ನಿನಲ್ಲಿ ಟಕ್ ಎಂದ ಸದ್ದನ್ನು ಅವನು ಮೊದಲು ಮೋಟಾರಿನದೇ ಎಂದುಕೊಂಡಿದ್ದ.

"ಆರು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಕೂರಬಾರದು," ಎಂದರು ಡಾಕ್ಟರು.

"ಮತ್ತೆ ಏನ್ ಮಾಡ್ಲಿ ಡಾಕ್ಟ್ರೇ?"

"ನಿಲ್ಲಬಹುದು, ಸ್ವಲ್ಪ. ಮಲಗಬಹುದು, ಬೇಕಾದಷ್ಟು."

ಕಾರ್ಖಾನೆಯವರು ಒಂದು ತಿಂಗಳ ಸಂಬಳ ಕೊಟ್ಟು, ಮುಂದಿನದನ್ನು ಕಾರ್ಮಿಕರ ಆರೋಗ್ಯ ನಿಧಿಯ ಕಚೇರಿಯಲ್ಲಿ ಕೇಳಿಕೊಳ್ಳಬೇಕೆಂದು ಹೇಳಿ ಕಳಿಸಿದರು. ಆ ನಿಧಿಗೆಂದು ಅವನ ಸಂಬಳದಿಂದ ಪ್ರತಿ ತಿಂಗಳೂ ಹಿಡಿಯುತ್ತಿದ್ದರು. ಕಾಯಿಲೆ ಬಿದ್ದವನು ಅರ್ಹ ಎಂದು ನಿಧಿ ಒಪ್ಪಿದರೆ ವಾರವಾರ ಭತ್ಯೆ ಬರುತ್ತದೆ, ಜೊತೆಗೆ ಒಂದು ಕಾರ್ಡು. ಆ ಕಾರ್ಡು ತೋರಿಸಿದರೆ ನಿಧಿಯ ಆಸ್ಪತ್ರೆಯಲ್ಲಿ ಬೆನ್ನಿನ ಚಿಕಿತ್ಸೆ ಪುಕ್ಕಟೆ. ಹೊರಗೆ ಮಾಡಿಸಿಕೊಳ್ಳಲು ಹೋದರೆ ಹೆಂಡತಿ ಎರಡೆರಡು ಕ್ರೇನ್ ಓಡಿಸಿದರೂ ಸಾಲದು.

ಹೌದು, ಹೆಂಡತಿ ಕ್ರೇನ್ ಓಡಿಸುತ್ತಿದ್ದಳು. ಕಬ್ಬಿಣದ ಕೊಳವೆಗಳನ್ನು ಲಾರಿಗೆ ತುಂಬುವ ಯಾರ್ಡಿನಲ್ಲಿ ಅವಳು ನಾಲ್ಕು ವರ್ಷ ನೆಲದ ಮೇಲೆ ನಿಂತು, ಮೇಲೆ ಕೂತ ಆಪರೇಟರುಗಳಿಗೆ ಕೈಸನ್ನೆ ಮಾಡಿದಳು: ಎತ್ತು, ಇಳಿಸು, ಎಡಕ್ಕೆ, ನಿಲ್ಲಿಸು. ಆ ಚಟ ಮನೆಗೂ ಬಂದಿತ್ತು. ಯಾರಾದರೂ ಗಂಡನ ತಟ್ಟೆಗೆ ಬಡಿಸುತ್ತಿದ್ದರೆ ಅವಳ ಬೆರಳು ತಾನಾಗಿ ಗಾಳಿಯಲ್ಲಿ ಸುತ್ತುತ್ತಿತ್ತು. ಸಾಕೆನಿಸಿದಾಗ ಅಂಗೈ ಅಡ್ಡ ಬರುತ್ತಿತ್ತು. ಐದನೇ ವರ್ಷ ಪರೀಕ್ಷೆ ಕಟ್ಟಿ, ಲೈಸೆನ್ಸ್ ತೆಗೆದುಕೊಂಡು, ಸಣ್ಣ ಕ್ರೇನ್ ಹತ್ತಿದಳು. ಬೆಳಗಿನ ಆರರಿಂದ ಹನ್ನೆರಡು, ವಾರಕ್ಕೆ ಐದು ದಿನ, ಒಟ್ಟು ಮೂವತ್ತು ಗಂಟೆ. ಈಗ ದೊಡ್ಡ ಹಳದಿ ಕ್ರೇನಿನ ಆಪರೇಟರು ನಿವೃತ್ತನಾಗುತ್ತಿದ್ದ. ಮೂರು ಅಂತಸ್ತಿನ ಎತ್ತರದಲ್ಲಿ ಗಾಜಿನ ಕೋಣೆ, ತಿರುಗುವ ಕುರ್ಚಿ, ಕಾಲ ಕೆಳಗೆ ಇಡೀ ಯಾರ್ಡು. ಅಲ್ಲಿ ಇದುವರೆಗೆ ಯಾವ ಹೆಂಗಸೂ ಕೂತಿರಲಿಲ್ಲ.

"ಸೋಮವಾರದಿಂದ ಪೂರ್ತಿ ದಿನದ ಕೆಲಸ," ಎಂದಿದ್ದ ಫೋರ್‌ಮನ್. "ಶುಕ್ರವಾರ ಸಂಜೆ ಆರರೊಳಗೆ ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ. ನಿಮ್ಮ ಹಿಂದೆ ಇನ್ನೂ ಮೂರು ಜನ ನಿಂತಿದಾರೆ."

ಅವಳು ಆಗಲೇ ಹೂಂ ಎನ್ನಬೇಕಿತ್ತು. ಅನ್ನಲಿಲ್ಲ, ಏಕೆಂದರೆ ಅದರ ಹಿಂದಿನ ದಿನವಷ್ಟೇ ನಿಧಿಯ ಕಚೇರಿಯಿಂದ ಗಂಡನ ಅರ್ಜಿ ವಾಪಸ್ ಬಂದಿತ್ತು. ಮೇಲೆ ಒಂದು ಚೀಟಿ: "ಸಂಗಾತಿಯ ಕೆಲಸದ ಅವಧಿ ವಾರಕ್ಕೆ ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು. ಅರ್ಹರಲ್ಲ."

"ಸಂಗಾತಿಯಂತೆ," ಎಂದಳು ಹೆಂಡತಿ. "ಹೆಂಡ್ತಿ ಅಂತ ಬರೆಯೋಕೆ ಇವರಿಗೇನು ನಾಚಿಕೆನಾ?"

ಚೀಟಿಯ ಅರ್ಥ ಬಿಡಿಸಲು ಅವಳ ಅಣ್ಣ ಬಂದ. ರೈಲಿನಲ್ಲಿ ಮೂವತ್ತು ವರ್ಷ ಟಿಕೆಟ್ ನೋಡಿ ನಿವೃತ್ತನಾಗಿದ್ದ ಈತನನ್ನು ಮನೆಯಲ್ಲಿ ಎಲ್ಲರೂ ಟಿಕೆಟ್ ಭಾವ ಎನ್ನುತ್ತಿದ್ದರು. ಅವನಿಗೆ ಗೊತ್ತಿಲ್ಲದ ಕಾಯಿದೆ ಇರಲಿಲ್ಲ; ಇದ್ದ ಕಾಯಿದೆ ಅವನಿಗೆ ಗೊತ್ತಿರುತ್ತಿರಲಿಲ್ಲ. ಚೀಟಿಯನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಅವಧಿ ಮೀರಿದ ಪಾಸು ಸಿಕ್ಕಂತೆ ನಿಟ್ಟುಸಿರು ಬಿಟ್ಟ.

"ಸೀದಾ ಲೆಕ್ಕ ಭಾವ. ಇವಳು ದುಡಿಯೋದು ಮೂವತ್ತು. ಅವರು ಬಿಡೋದು ಇಪ್ಪತ್ತನಾಲ್ಕು. ದೊಡ್ಡ ಕ್ರೇನ್ ಹತ್ತಿದ್ರೆ ನಲವತ್ತೆಂಟು. ನಿಮ್ಮ ಕಾರ್ಡಿನ ಕತೆ ಅಲ್ಲಿಗೆ ಮುಗೀತು."

"ಮತ್ತೆ ನನ್ನ ಸಂಬಳದಲ್ಲಿ ಹತ್ತೊಂಬತ್ತು ವರ್ಷ ಹಿಡಿದದ್ದು ಯಾತಕ್ಕೆ?" ಎಂದ ಮೆಕ್ಯಾನಿಕ್ ನೆಲದಿಂದ.

"ಅದು ದೇಶಕ್ಕೆ."

"ಬೆನ್ನು ನನ್ನದಲ್ವಾ ಭಾವ?"

"ಬೆನ್ನು ನಿಮ್ಮದು, ಕಾನೂನು ಅವರದು. ನಾನು ಹೇಳೋದು ಕೇಳಿ. ಇವಳು ಸಣ್ಣದರಿಂದಾನೂ ಇಳಿದು ಮೊದಲಿನ ಹಾಗೆ ಕೆಳಗೆ ನಿಂತು ಕೈ ಬೀಸಲಿ. ದಿನಕ್ಕೆ ನಾಲ್ಕು ಗಂಟೆ. ಆಗ ಯಾರಪ್ಪನ ಮನೆ ಗಂಟೂ ಹೋಗಲ್ಲ, ಕೊಡ್ತಾರೆ. ಬೇಡ ಅಂದ್ರೆ ಇನ್ನೊಂದು ದಾರಿ ಇದೆ. ಕಾಗದದ ಮೇಲೆ ಮಾತ್ರ, ನೀವಿಬ್ಬರೂ ಬೇರೆ ಬೇರೆ ಅಂತ ಬರೆದುಕೊಡೋದು. ನೀವು ಇವಳ ಸಂಗಾತಿ ಅಲ್ಲ, ಈ ಮನೇಲಿ ಬಾಡಿಗೆಗಿರೋರು."

"ಬಾಡಿಗೆ ಎಷ್ಟು ಹಾಕ್ಲಿ ಅಣ್ಣ?" ಎಂದಳು ತಂಗಿ. "ಒಂಬತ್ತು ವಾರದಿಂದ ನೆಲ ಪೂರ್ತಿ ಇವರದೇ. ಟೀ ಕುಡಿ, ಆರಿಹೋಗುತ್ತೆ."

ನಗುತ್ತಲೇ ಅಂದಳು. ಆದರೆ ಅವತ್ತಿನಿಂದ ಅವಳು ಕ್ರೇನಿನ ಸುದ್ದಿ ಎತ್ತಲಿಲ್ಲ. ದಿನವೂ ಮಧ್ಯಾಹ್ನ ಬಂದು, ಯಾವ ಲಾರಿಗೆ ಏನು ತುಂಬಿದೆ, ಯಾವ ಡ್ರೈವರು ಹಾರ್ನ್ ಹೊಡೆದು ಬೈಸಿಕೊಂಡ, ಗಾಳಿ ಎಷ್ಟಿತ್ತು ಎಂದು ಚಾಪೆಯ ಪಕ್ಕ ಕೂತು ಒಪ್ಪಿಸುತ್ತಿದ್ದವಳು ಸುಮ್ಮನೆ ಪಾತ್ರೆ ತೊಳೆಯತೊಡಗಿದಳು. ಎಂಬತ್ತು ಮೆಷಿನ್ನುಗಳಲ್ಲಿ ಒಂದರ ಸದ್ದು ಬದಲಾದರೂ ತಿಳಿಯುತ್ತಿದ್ದವನಿಗೆ, ಒಂದೇ ಒಂದು ಪೂರ್ತಿ ನಿಂತುಹೋದದ್ದು ಈ ಸಲ ತಡವಿಲ್ಲದೆ ತಿಳಿಯಿತು. ಮಾಡುವುದೇನೆಂದು ಮಾತ್ರ ತಿಳಿಯಲಿಲ್ಲ.

ಗುರುವಾರ ಊಟ ಮುಗಿದ ಮೇಲೆ ಅವಳು ಒಂದು ಹಾಳೆಯಲ್ಲಿ ಏನೋ ಬರೆದು ತಂದು ಅವನ ಎದೆಯ ಮೇಲಿಟ್ಟಳು. "ತಪ್ಪಿದ್ರೆ ತಿದ್ದಿ," ಎಂದು ಕೆಲಸದ ಕೈಗವಸು ಒಗೆಯಲು ಹೋದಳು.

"ಕುಟುಂಬದ ಕಾರಣದಿಂದ ದೊಡ್ಡ ಕ್ರೇನಿನ ಕೆಲಸ ಒಪ್ಪಿಕೊಳ್ಳಲು ಆಗುತ್ತಿಲ್ಲ. ನನ್ನನ್ನು ಮೊದಲಿನಂತೆ ನೆಲದ ಕೆಲಸಕ್ಕೆ ಹಾಕಬೇಕಾಗಿ ಕೋರುತ್ತೇನೆ."

ತಿದ್ದಲು ಏನೂ ಇರಲಿಲ್ಲ. ಅಕ್ಷರ ಮುತ್ತಿನಂತಿತ್ತು. ಕುಟುಂಬದ ಕಾರಣ ಎಂದರೆ ಯಾರೆಂದು ಯೋಚಿಸಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ಕಾರಣ ಐದಡಿ ಎಂಟಂಗುಲ ಉದ್ದವಾಗಿ ಚಾಪೆಯ ಮೇಲೆ ಬಿದ್ದುಕೊಂಡು ಕಾಗದ ಓದುತ್ತಿತ್ತು.

"ನನ್ನ ಬಿಳಿ ಬಟ್ಟೆ ಎಲ್ಲಿಟ್ಟಿದೀಯ?" ಎಂದು ಕೂಗಿದ.

"ಯಾವ ಬಿಳಿ ಬಟ್ಟೆ?"

"ಮೆಷಿನ್ ಬಿಚ್ಚುವಾಗ ಹಾಸೋದು."

"ಮನೇಲಿ ಯಾವ ಮೆಷಿನ್ ಕೆಟ್ಟಿದೆ ಈಗ?"

"ಆಫೀಸಿಂದು."

ಅವಳು ಬಟ್ಟೆ ತಂದು ಹಾಸಿ, ಬೆನ್ನಿನ ಜೊತೆ ತಲೆಯೂ ಹೋಯಿತೇ ಎಂಬಂತೆ ಒಮ್ಮೆ ನೋಡಿ, ಒಗೆಯಲು ಹೋದಳು.

ಬಿಳಿ ಬಟ್ಟೆ ಅವನ ಗುರು ಹೇಳಿಕೊಟ್ಟ ಪಾಠ. ಬಿಚ್ಚಿದ್ದನ್ನು ಬಿಚ್ಚಿದ ಸಾಲಿನಲ್ಲೇ ಎಡದಿಂದ ಬಲಕ್ಕೆ ಇಡಬೇಕು. ಮತ್ತೆ ಜೋಡಿಸಿದ ಮೇಲೆ ಬಟ್ಟೆಯ ಮೇಲೆ ಒಂದೇ ಒಂದು ಉಳಿದರೂ ಮೆಷಿನ್ ಚಾಲೂ ಮಾಡಕೂಡದು. ಕಾರ್ಖಾನೆಯಲ್ಲಿ ಒಮ್ಮೆ ಹೀಗೆ ಒಂದು ಪುಟ್ಟ ಸ್ಪ್ರಿಂಗು ಉಳಿದುಹೋಗಿ, ಅವನು ಇಡೀ ಒಂದು ಸಾಲನ್ನೇ ಅರ್ಧ ದಿನ ನಿಲ್ಲಿಸಿದ್ದ. ಸೂಪರ್‌ವೈಸರು ಬಾಯಿಗೆ ಬಂದಂತೆ ಬೈದರೂ ಜಗ್ಗಿರಲಿಲ್ಲ. ಕೊನೆಗೆ ಅದು ಮೆಷಿನ್ನಿನದಾಗಿರಲಿಲ್ಲ. ಹೊಲಿಯುವಾಕೆಯ ಬಾಲ್‌ಪೆನ್ನಿನೊಳಗಿನದು, ಜಾರಿ ಒಳಗೆ ಬಿದ್ದು, ಸೂಜಿಯನ್ನು ಮೂರು ದಿನದಿಂದ ಕಾಡಿಸುತ್ತಿತ್ತು. ಕೆಟ್ಟ ಮೆಷಿನ್ನಿನಲ್ಲಿ ಏನಾದರೂ ಕಮ್ಮಿ ಇದೆ ಎಂದೇ ಎಲ್ಲರೂ ಹುಡುಕುತ್ತಾರೆ, ಹೆಚ್ಚಿದೆ ಎಂದು ಯಾರೂ ಹುಡುಕುವುದಿಲ್ಲ ಎಂಬುದನ್ನು ಅವನು ಕಲಿತದ್ದು ಆಗ.

ಅವನು ಬೋರಲಾದ. ಅದಕ್ಕೆ ಡಾಕ್ಟರ ಅಪ್ಪಣೆ ಇತ್ತು. ವಾಪಸ್ ಬಂದ ಅರ್ಜಿಯನ್ನು ಹತ್ತಿರ ಎಳೆದುಕೊಂಡು, ಮೊದಲೇ ಹೇಳಿದ ರೀತಿಯಲ್ಲಿ ಪಿನ್ನು ತೆಗೆದು, ಹಾಳೆಗಳನ್ನು ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಆರು ಹಾಳೆ. ಅರ್ಜಿಯಲ್ಲಿ ಬರೆದದ್ದನ್ನು ಓದಲಿಲ್ಲ. ಮೆಷಿನ್ನಿನ ಮೈಮೇಲಿನ ಹೆಸರು ಓದಿ ಯಾರೂ ರಿಪೇರಿ ಮಾಡುವುದಿಲ್ಲ. ಬೆರಳಿನಿಂದ ಮುಟ್ಟಿದ. ಐದು ಹಾಳೆ ಒಂದೇ ದಪ್ಪ. ನಾಲ್ಕನೆಯದಾಗಿ ಬಂದದ್ದು ಮಾತ್ರ ಕೊಂಚ ತೆಳು. ಅಂಚಿಗೆ ಅಂಚು ಸೇರಿಸಿದರೆ ಅಗಲದಲ್ಲೂ ಒಂದು ನೂಲಿನಷ್ಟು ಕಮ್ಮಿ. ಆಮೇಲೆ ತಲೆ ಬಗ್ಗಿಸಿ ಪ್ರತಿ ಹಾಳೆಯ ಕೆಳಗಿದ್ದ ಇರುವೆಯಂಥ ಅಕ್ಷರಗಳನ್ನು ಓದಿದ. ಐದರಲ್ಲಿ ಒಂದನೆಯ ಪುಟ. ಐದರಲ್ಲಿ ಎರಡನೆಯ ಪುಟ. ಐದರಲ್ಲಿ ಮೂರನೆಯ ಪುಟ. ಆ ತೆಳು ಹಾಳೆಗೆ ಬಂದಾಗ ನಿಂತ.

ಒಂಬತ್ತರಲ್ಲಿ ಆರನೆಯ ಪುಟ.

ಅದರ ಮುಂದಿನ ಎರಡು ಮತ್ತೆ ಐದರಲ್ಲಿ ನಾಲ್ಕು, ಐದರಲ್ಲಿ ಐದು.

ತೆಳು ಹಾಳೆಯಲ್ಲಿದ್ದದ್ದು ಒಂದೇ ವಿಷಯ: ಸಂಗಾತಿ ಕೆಲಸ ಮಾಡುತ್ತಾರೆಯೇ, ವಾರಕ್ಕೆ ಎಷ್ಟು ಗಂಟೆ, ಆದಾಯ ಎಷ್ಟು. ಹೆಂಡತಿಯ ಮೂವತ್ತು ಗಂಟೆಯನ್ನು ಅವನು ತನ್ನ ಕೈಯಾರೆ, ಹೆಮ್ಮೆಯಿಂದಲೇ, ಅಲ್ಲಿ ತುಂಬಿದ್ದ. ನೆತ್ತಿಯ ಮೇಲೆ, ಕಿವಿ ತೂತಿನಷ್ಟು ಜಾಗದಲ್ಲಿ, "ಕುಟುಂಬ ನೆರವು ಯೋಜನೆ" ಎಂದಿತ್ತು. ಉಳಿದ ಐದರ ನೆತ್ತಿಯಲ್ಲಿ "ಅನಾರೋಗ್ಯ ಭತ್ಯೆ." ಆಗ ಅವನು ಅರ್ಜಿ ತುಂಬುವ ಯಾರೂ ಇದುವರೆಗೆ ಮಾಡದ ಕೆಲಸ ಮಾಡಿದ. ಮೊದಲ ಪುಟವನ್ನು ಮಗುಚಿ ಬೆನ್ನಿನಲ್ಲಿದ್ದದ್ದನ್ನು ಓದಿದ.

"ಅನಾರೋಗ್ಯ ಭತ್ಯೆಯು ಕಾರ್ಮಿಕನು ಸ್ವಂತ ವೇತನದಿಂದ ನಿಧಿಗೆ ನೀಡಿದ ವಂತಿಗೆಯ ಆಧಾರದ ಮೇಲೆ ದೊರೆಯತಕ್ಕದ್ದು. ಕುಟುಂಬದ ಇತರ ಸದಸ್ಯರ ಉದ್ಯೋಗವನ್ನಾಗಲಿ ಆದಾಯವನ್ನಾಗಲಿ ಪರಿಗಣಿಸತಕ್ಕದ್ದಲ್ಲ." ಅದರ ಕೆಳಗೆ, ವಂತಿಗೆ ಕಟ್ಟದವರ ಮನೆಗಳಿಗೆ ಕುಟುಂಬ ನೆರವು ಎಂಬುದು ಬೇರೆಯೇ ಉಂಟು, ಅದಕ್ಕೆ ಬೇರೆಯೇ ಅರ್ಜಿ ಎಂದಿತ್ತು.

ತಕ್ಕದ್ದಲ್ಲ ಎಂಬ ಮಾತು ಒಬ್ಬ ಮನುಷ್ಯನಿಗೆ ಇಷ್ಟು ಸಂತೋಷ ಕೊಟ್ಟದ್ದು ಪ್ರಾಯಶಃ ಅದೇ ಮೊದಲು. ಅವನು ಅದನ್ನು ಮೂರು ಸಲ ಓದಿದ. ಆಮೇಲೆ ಹೆಂಡತಿಯನ್ನು ಕರೆದ.

"ಇವು ಎಷ್ಟಿವೆ ಎಣಿಸು."

"ಆರು," ಎಂದಳು ಅವಳು, ಒದ್ದೆ ಕೈ ಸೆರಗಿಗೆ ಒರೆಸುತ್ತ.

"ಕೆಳಗಡೆ ನಂಬರ್ ಓದು."

ಓದಿದಳು. ಒಂಬತ್ತರಲ್ಲಿ ಆರು ಎಂದ ಮೇಲೆ ಅವಳೂ ನಿಂತಳು. "ಇದರ ಮಿಕ್ಕ ಎಂಟು ಎಲ್ಲಿ?"

"ಬೇರೆ ಮೆಷಿನ್ನಿನಲ್ಲಿ. ಇದನ್ನ ಯಾರೋ ತಂದು ನಮ್ಮದರೊಳಗೆ ಸಿಗಿಸಿದಾರೆ. ಈಗ ಮೊದಲನೇ ಪುಟದ ಬೆನ್ನು ಓದು."

ಬೆನ್ನು ಓದಲು ಅವಳು ಮೊಣಕಾಲೂರಿ ಕೂತಳು. ಮುಗಿದ ಮೇಲೆ ತಕ್ಕದ್ದಲ್ಲ ಎಂಬಲ್ಲಿ ಬೆರಳಿಟ್ಟಳು. "ಹಾಗಾದ್ರೆ ನಾನು ಎಷ್ಟು ಗಂಟೆ ದುಡಿದ್ರೂ..."

"ಅವರಿಗೆ ಅದು ಸಂಬಂಧವೇ ಇಲ್ಲ. ನೀನು ಕ್ರೇನಾದ್ರೂ ಓಡಿಸು, ವಿಮಾನಾನಾದ್ರೂ ಓಡಿಸು. ಕಾಯಿಲೆ ನನ್ನದು, ವಂತಿಗೆ ನನ್ನದು."

"ಮತ್ತೆ ಇದನ್ನ ಯಾಕೆ ಇಲ್ಲಿಟ್ಟಿದೀರಿ?" ಬಟ್ಟೆಯ ಬಲತುದಿಯಲ್ಲಿ ಅವಳದೇ ಕಾಗದ ಮಲಗಿತ್ತು.

"ಉಳಿದದ್ದು ಎರಡು. ಎರಡೂ ಈ ಮನೆಯ ಪಾರ್ಟು ಅಲ್ಲ."

ಅವಳು ಆ ಕಾಗದವನ್ನು ಎತ್ತಿಕೊಂಡಳು, ಆದರೆ ಹರಿಯಲಿಲ್ಲ. ಎತ್ತರದಲ್ಲಿ ಕೆಲಸ ಮಾಡುವವರು ಕೊಕ್ಕೆ ಸರಿಯಾಗಿ ಬಿದ್ದಿದೆಯೆಂದು ಕಣ್ಣಾರೆ ನೋಡುವ ತನಕ ಭಾರ ಎತ್ತುವುದಿಲ್ಲ. "ನೀವು ಹೇಳಿದ್ರೆ ಆಗಲ್ಲ ರೀ. ಕಿಟಕಿಯವರು ಹೇಳಬೇಕು. ನಾಳೆ ಹೋಗೋಣ. ಸಂಜೆ ಆರರವರೆಗೆ ಇದು ನನ್ನ ಚೀಲದಲ್ಲೇ ಇರುತ್ತೆ."

ಶುಕ್ರವಾರ ಅವಳು ಐದು ವರ್ಷದಲ್ಲಿ ಮೊದಲ ಸಲ ರಜೆ ಹಾಕಿದಳು. ಮೆಕ್ಯಾನಿಕ್ಕನ್ನು ಬಾಡಿಗೆ ವ್ಯಾನಿನ ಹಿಂದೆ ಉದ್ದಕ್ಕೆ ಮಲಗಿಸಿಕೊಂಡು ಹೊರಟರು. ಸಂಬಳದ ಚೀಟಿಗಳೆಲ್ಲ ಒಂದು ಹಳೆಯ ಬಾಬಿನ್ ಡಬ್ಬಿಯಲ್ಲಿ ಅವನ ಹೊಟ್ಟೆಯ ಮೇಲೆ ಕೂತಿದ್ದವು. ಕಾನೂನು ನೋಡಿಕೊಳ್ಳಲು ಟಿಕೆಟ್ ಭಾವನೂ ಹತ್ತಿಕೊಂಡ. "ಅವರ ಎದುರು ನೀವು ಬಾಯಿ ಬಿಡಬೇಡಿ ಭಾವ," ಎಂದು ದಾರಿಯುದ್ದಕ್ಕೂ ಹೇಳಿದ. "ಮಾತಾಡೋದು ನನಗೆ ಬಿಡಿ."

ನಿಧಿಯ ಕಚೇರಿ ನಡುವೆ ಖಾಲಿ ಬಿಟ್ಟು ಸುತ್ತ ಮೂರು ಅಂತಸ್ತು ಎದ್ದ ಕಟ್ಟಡ. ಕೆಳಗೆ ನಿಂತು ತಲೆ ಎತ್ತಿದರೆ ಮೂರನೇ ಅಂತಸ್ತಿನ ಕಟಕಟೆಯವರೆಗೆ ಎಲ್ಲ ಕಾಣುತ್ತಿತ್ತು. ನಾಲ್ಕನೇ ಕಿಟಕಿಯ ಮುಂದೆ ಹದಿನೇಳು ಜನ. ಸ್ವಲ್ಪ ನಿಲ್ಲಬಹುದು ಎಂದು ಡಾಕ್ಟರು ಹೇಳಿದ್ದ ಸ್ವಲ್ಪ ಮುಗಿದ ಕೂಡಲೇ ಮೆಕ್ಯಾನಿಕ್ ಚಾಪೆ ಬಿಡಿಸಿ, ಸಾಲಿನ ಪಕ್ಕದಲ್ಲಿ, ಕಿಟಕಿಯ ಬುಡದಲ್ಲೇ ಮಲಗಿಬಿಟ್ಟ. ಕಾವಲಿನವನು ಓಡಿ ಬಂದ.

"ಇಲ್ಲಿ ಮಲಗೋ ಹಾಗಿಲ್ಲ."

"ಕೂರೋ ಹಾಗಿಲ್ಲ ಅಂತಾರೆ ಡಾಕ್ಟ್ರು, ಮಲಗೋ ಹಾಗಿಲ್ಲ ಅಂತೀರಿ ನೀವು. ನಿಂತೇ ಇರೋಕೆ ನಾನೇನು ದೀಪದ ಕಂಬಾನಾ?"

ಕಾವಲಿನವನು ನಿಯಮದಲ್ಲಿ ಇದಕ್ಕೆ ಉತ್ತರ ಹುಡುಕುತ್ತಿರುವಾಗ ಸಾಲಿನವರು ನಕ್ಕರು. ಅವನೂ ನಕ್ಕು, ಯಾರೂ ತುಳಿಯದ ಹಾಗೆ ತಾನೇ ಪಕ್ಕದಲ್ಲಿ ನಿಂತ.

ಹೀಗೆ ಮಲಗಿದ್ದರಿಂದಲೇ ಅವನಿಗೆ ಅದು ಕಂಡದ್ದು. ಕಿಟಕಿಯ ಕೆಳಗಿನ ಹಲಗೆಯೊಂದು ಯಾವ ಕಾಲದಲ್ಲೋ ಕಿತ್ತುಹೋಗಿತ್ತು. ಆ ಸಂದಿನಲ್ಲಿ ಒಳಗೆ ಕೂತ ಗುಮಾಸ್ತೆಯ ಚಪ್ಪಲಿ, ಅದರ ಪಕ್ಕ ಒಂದು ಮೋಟು ಸ್ಟೂಲು, ಸ್ಟೂಲಿನ ಮೇಲೆ ಹಾಳೆಗಳ ಎರಡು ಗುಡ್ಡೆ. ಯಾರಾದರೂ ಅರ್ಜಿ ಕೇಳಿದರೆ ಒಂದು ಕೈ ಇಳಿದು ಬರುತ್ತಿತ್ತು. ಎಡಗುಡ್ಡೆಯಿಂದ ಐದು, ಬಲಗುಡ್ಡೆಯಿಂದ ಒಂದು, ಅದು ಮೂರರ ಕೆಳಗೆ ಸೇರಿ, ಸ್ಟೇಪ್ಲರು ಟಕ್. ಮತ್ತೆ ಐದು, ಒಂದು, ಟಕ್. ಎಷ್ಟು ಲಯಬದ್ಧ ಎಂದರೆ, ಕಾರ್ಖಾನೆಯಲ್ಲಾಗಿದ್ದರೆ ಇವಳಿಗೆ ಕಾಲರ್ ಹೊಲಿಯುವ ಸಾಲು ಕೊಡಿಸಬಹುದಿತ್ತು ಎಂದು ಅವನಿಗೆ ಮೆಚ್ಚುಗೆಯಾಯಿತು.

"ಮೇಡಂ," ಎಂದ ಸಂದಿನೊಳಗೆ, "ಆ ಬಲಗಡೆ ಗುಡ್ಡೆ ಯಾವ ಮೆಷಿನ್ನಿಂದು?"

ಮೇಲೆ ಸ್ಟೇಪ್ಲರು ನಿಂತಿತು. ಗುಮಾಸ್ತೆ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕೊನೆಗೆ ಎದ್ದು ಕಿಟಕಿಯಿಂದ ಹೊರಗೆ ಬಗ್ಗಿ ಕೆಳಗೆ ನೋಡಿದಳು. "ಯಾರಪ್ಪ ಅದು?"

"ಅರ್ಜಿದಾರ. ಮೇಡಂ, ಐದು ಪುಟದ ಫಾರಂನಲ್ಲಿ ಒಂಬತ್ತರಲ್ಲಿ ಆರನೇ ಪುಟ ಹೇಗೆ ಬರುತ್ತೆ?"

ಇಲ್ಲಿ ಟಿಕೆಟ್ ಭಾವ ಗಂಟಲು ಸರಿಮಾಡಿಕೊಂಡು, "ಏನಂದ್ರೆ ಮೇಡಂ, ಕಾಯಿದೆ ಪ್ರಕಾರ..." ಎಂದು ಶುರುಮಾಡಿದ. ತಂಗಿಯ ಅಂಗೈ ಅಡ್ಡ ಬಂತು: ನಿಲ್ಲಿಸು. ನಿಲ್ಲಿಸಿದ. ಅವಳು ಹಾಳೆಗಳನ್ನು ಕಿಟಕಿಯಲ್ಲಿ ಸಾಲಾಗಿ ಹರಡಿ, ನಂಬರುಗಳ ಮೇಲೆ ಒಂದೊಂದಾಗಿ ಬೆರಳಿಟ್ಟಳು.

ಗುಮಾಸ್ತೆ ಕೆಟ್ಟವಳಲ್ಲ. "ಅಯ್ಯೋ, ಅದು ಎಲ್ಲರಿಗೂ ಹಾಕಿಕೊಡ್ತೀವಿ ಕಣಮ್ಮ. ಹಿಂದೆ ಇದ್ದ ಸಾಹೇಬರು ಹೇಳಿದ್ದು. ಯಾರಿಗೆ ಯಾವ ಫಾರಂ ಬೇಕೋ ಜನಕ್ಕೆ ಗೊತ್ತಾಗಲ್ಲ, ಸಂಗಾತಿ ಪುಟ ಒಂದು ಸೇರಿಸಿ ಕೊಡಿ, ಪಾಪ, ಎರಡೆರಡು ಸಲ ಅಲೆಯೋದು ತಪ್ಪುತ್ತೆ ಅಂತ."

"ಮೇಲ್ಗಡೆ ಇದನ್ನ ನೋಡಿ ಏನ್ ಮಾಡ್ತಾರೆ?" ಎಂದಳು ಹೆಂಡತಿ.

"ಆ ಪುಟ ಇದ್ರೆ ಗಂಟೆ ನೋಡ್ತಾರೆ. ಗಂಟೆ ಜಾಸ್ತಿ ಇದ್ರೆ..." ಎಂದವಳು ಅಲ್ಲೇ ನಿಂತಳು. ಆ ವಾಕ್ಯ ಎಲ್ಲಿಗೆ ಹೋಗುತ್ತಿದೆಯೆಂದು ಅವಳಿಗೂ ಕಂಡಿತ್ತು. ಹಿಂದಿನ ಸಾಹೇಬರು ಕರುಣೆಯಿಂದ ಹಾಳೆ ಸೇರಿಸಿದರು, ಅವರಿಗೆ ವರ್ಗವಾಯಿತು. ಗುಮಾಸ್ತೆ ಹೇಳಿದಂತೆ ಹೊಲಿದಳು. ಮೇಲಿನವರು ಕಂಡದ್ದನ್ನು ಅಳೆದರು. ಎಲ್ಲರೂ ತಮ್ಮ ತಮ್ಮ ಕೆಲಸ ಒಂದಿಷ್ಟೂ ತಪ್ಪಿಲ್ಲದೆ ಮಾಡಿದ್ದರಿಂದ ಹೀಗಾಗಿತ್ತು.

"ಸಾರ್," ಎಂದು ಅವಳು ತಲೆ ಎತ್ತಿ ಕೂಗಿದಳು. ಮೂರನೇ ಅಂತಸ್ತಿನ ಕಟಕಟೆಯ ಮೇಲೆ ಹಣೆಗೆ ಕನ್ನಡಕ ಏರಿಸಿದ ಒಂದು ಮುಖ ಬಾಗಿತು.

"ಏನ್ರೀ? ಊಟದ ಮೇಲೆ ನೋಡೋಣ."

ಆಗ ಮೆಕ್ಯಾನಿಕ್ಕನ ಹೆಂಡತಿ ಬೇಕೆಂದು ಮಾಡಿದಳೋ, ಅಭ್ಯಾಸಬಲವೋ, ಅವಳನ್ನೇ ಕೇಳಬೇಕು. ಎರಡು ಹೆಜ್ಜೆ ಹಿಂದೆ ಸರಿದು, ಮೇಲಿನವರಿಗೆ ಚೆನ್ನಾಗಿ ಕಾಣುವಲ್ಲಿ ನಿಂತು, ತೋಳು ಕೆಳಗೆ ಚಾಚಿ, ತೋರುಬೆರಳಿನಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿದಳು: ಇಳಿಸು. ಆ ಬೆರಳಿಗೆ ನಾಲ್ಕು ವರ್ಷ ಟನ್ನುಗಟ್ಟಲೆ ಕಬ್ಬಿಣ ಇಳಿದಿತ್ತು. ಅಧಿಕಾರಿ ಒಂದು ಗಳಿಗೆ ನೋಡಿದ, ಕನ್ನಡಕ ಕಣ್ಣಿಗೆ ಎಳೆದುಕೊಂಡ, ಇಳಿದು ಬಂದ.

ಬಂದು, ಓದಿದ. ನಂಬರು ಓದಿದ, ನೆತ್ತಿ ಓದಿದ, ಮೊದಲ ಪುಟದ ಬೆನ್ನು ಓದಿದ. ಮೆಕ್ಯಾನಿಕ್ ಬಾಬಿನ್ ಡಬ್ಬಿ ಎತ್ತಿಕೊಟ್ಟ. ಎರಡು ವರ್ಷದ ವಂತಿಗೆ ಇದ್ದರೆ ಸಾಕೆಂದು ನಿಯಮ. ಡಬ್ಬಿಯಲ್ಲಿ ಹತ್ತೊಂಬತ್ತು ವರ್ಷದ್ದು ತಿಂಗಳವಾರು ಸುತ್ತಿ, ದಾರ ಕಟ್ಟಿ ಇಟ್ಟಿತ್ತು. ಡಾಕ್ಟರ ಸರ್ಟಿಫಿಕೇಟು ಮೇಲೆಯೇ ಇತ್ತು.

"ಇದು ಎಷ್ಟು ದಿನದಿಂದ ಹೀಗೆ ಸೇರಿಸಿ ಕೊಡ್ತಿದೀರಿ?" ಎಂದು ಅಧಿಕಾರಿ ಮೆಲ್ಲಗೆ ಕೇಳಿದ.

"ನಾಲ್ಕು ವರ್ಷ ಸಾರ್."

ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದ, ಬಲಗೈಗೆ ಪಟ್ಟಿ ಕಟ್ಟಿದ ಒಬ್ಬ ದಪ್ಪ ಹೆಂಗಸು ಮುಂದೆ ಬಂದಳು. "ಹಾಗಾದ್ರೆ ನಮ್ಮ ಯಜಮಾನರು ದುಡೀತಾರೆ ಅಂತ ನನ್ನನ್ನ ಎರಡು ಸಲ ವಾಪಸ್ ಕಳಿಸಿದ್ದು?"

ಅಧಿಕಾರಿ ಮೊದಲ ಪುಟವನ್ನು ಮತ್ತೊಮ್ಮೆ ಮಗುಚಿ ನೋಡಿದ.

"ಅವರು ಕೆಲಸ ಬಿಡಲಿ ಅಂತ ನಾನು ಮೂರು ತಿಂಗಳಿಂದ ಜಗಳ ಆಡ್ತಿದೀನಿ ಸ್ವಾಮಿ," ಎಂದಳು ಅವಳು. "ಮನೇಲಿ ಹೋಗಿ ಈಗ ನಾನು ಏನಂತ ಮುಖ ತೋರಿಸ್ಲಿ?"

"ಒಂದು ನಿಮಿಷ ಅಕ್ಕ," ಎಂದ ಮೆಕ್ಯಾನಿಕ್ ನೆಲದಿಂದ. "ನಿಮ್ಮ ಅರ್ಜಿ ಇಲ್ಲಿ ಕೊಡಿ." ಸ್ಕ್ರೂಡ್ರೈವರಿನ ತುದಿಯಿಂದ ಪಿನ್ನು ತೆಗೆದ. ತೆಳು ಹಾಳೆ ಎಳೆದು ಅಧಿಕಾರಿಯ ಕೈಗೆ ಕೊಟ್ಟ. ಅವಳ ಹಿಂದಿನವನೂ ತನ್ನದನ್ನು ಚಾಚಿದ. ಆಮೇಲೆ ಸಾಲು ಕಿಟಕಿಯ ಕಡೆಯಿಂದ ತಿರುಗಿ ಚಾಪೆಯ ಕಡೆಗೆ ನಿಂತಿತು. ಕಾವಲಿನವನು ಒಬ್ಬೊಬ್ಬರನ್ನಾಗಿ ಬಿಟ್ಟ. ಅಂಗಾತ ಮಲಗಿದ ಮನುಷ್ಯ ಎದೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಪಿನ್ನು ಕೀಳುತ್ತ ಹೋದ. ಒಂಬತ್ತರಲ್ಲಿ ಆರನೆಯ ಪುಟಗಳು ಅಧಿಕಾರಿಯ ಕೈಯಲ್ಲಿ ದಪ್ಪಗಾಗುತ್ತ ಹೋದವು. ಅವನ ಗುರು ಇದ್ದಿದ್ದರೆ, ಒಂದೇ ದಿನದಲ್ಲಿ ಇಷ್ಟು ಮೆಷಿನ್ನಿನಿಂದ ಒಂದೇ ಸ್ಪ್ರಿಂಗು ಹೊರಬಂದದ್ದು ನೋಡಿ ಮೀಸೆ ತಿರುವುತ್ತಿದ್ದರು.

ಅಧಿಕಾರಿ ದೊಡ್ಡ ಮನುಷ್ಯನೆಂದೇ ಹೇಳಬೇಕು. ಊಟಕ್ಕೆ ಹೋಗಲಿಲ್ಲ. ಕಿಟಕಿಯ ಹಲಗೆಯ ಮೇಲೆಯೇ ಮೆಕ್ಯಾನಿಕ್ಕನ ಅರ್ಜಿ ಇಟ್ಟು, ಹಳೆಯ ಷರಾಕ್ಕೆ ಅಡ್ಡಗೆರೆ ಎಳೆದು, ಅರ್ಹ ಎಂದು ಬರೆದು, ಸಹಿ ಹಾಕಿ, ಮೊಹರು ಒತ್ತಿದ. ನಾಲ್ಕು ವರ್ಷದಲ್ಲಿ ಸಂಗಾತಿಯ ಕೆಲಸದ ಕಾರಣಕ್ಕೆ ತಿರಸ್ಕಾರವಾದ ಅರ್ಜಿಗಳನ್ನೆಲ್ಲ ಸೋಮವಾರದಿಂದ ಮತ್ತೆ ತೆಗೆಯಬೇಕೆಂದು ಗುಮಾಸ್ತೆಗೆ ಹೇಳಿದ. ಬಲಗುಡ್ಡೆಯನ್ನು ತಾನೇ ಎತ್ತಿ ಬಗಲಲ್ಲಿಟ್ಟುಕೊಂಡ.

"ಹೊರಗೆ ಒಂದು ನೋಟಿಸು ಅಂಟಿಸಬೇಕು," ಎಂದ. "ಖಾಲಿ ಹಾಳೆ ಇದೆಯೇನ್ರೀ?"

ಕಚೇರಿಯಲ್ಲಿ ಫಾರಂಗಳಿದ್ದವು, ಖಾಲಿ ಹಾಳೆ ಇರಲಿಲ್ಲ. ಮೆಕ್ಯಾನಿಕ್ಕನ ಹೆಂಡತಿ ಚೀಲದಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು, ಮಡಿಕೆ ಬಿಡಿಸಿ, ಮಗುಚಿ ಕೊಟ್ಟಳು. ಗುಮಾಸ್ತೆ ಅದರ ಬೆನ್ನಿನ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಳು: "ಅನಾರೋಗ್ಯ ಭತ್ಯೆಯ ಅರ್ಜಿಗೆ ಐದೇ ಪುಟ. ಮನೆಯವರು ಕೆಲಸ ಮಾಡುತ್ತಿದ್ದರೂ ಅರ್ಜಿ ಹಾಕಬಹುದು." ನಾಲ್ಕನೇ ಕಿಟಕಿಯ ಗಾಜಿಗೆ ಅಂಟಿಸಿದಳು. ಒಳಗಿನಿಂದ ನೋಡಿದವರಿಗೆ ಮಾತ್ರ ಕುಟುಂಬದ ಕಾರಣ ಎಂಬ ಮುತ್ತಿನಂಥ ಅಕ್ಷರಗಳು ಕಾಣುತ್ತಿದ್ದವು.

ವಾಪಸ್ ಬರುವಾಗ ವ್ಯಾನು ಯಾರ್ಡಿನ ಗೇಟಿನ ಮುಂದೆ ನಿಂತಿತು. ಇನ್ನೂ ನಾಲ್ಕು ಗಂಟೆ. ಅವಳು ಇಳಿದು ಒಳಗೆ ಹೋದಳು. ಮೆಕ್ಯಾನಿಕ್ ಮಲಗಿದಲ್ಲಿಂದ, ತೆರೆದ ಹಿಂಬಾಗಿಲಿನ ಚೌಕದಲ್ಲಿ, ದೊಡ್ಡ ಹಳದಿ ಕ್ರೇನಿನ ನೆತ್ತಿಯನ್ನು ನೋಡಿದ.

"ನಾನು ಮೊದಲೇ ಹೇಳಿದ್ನಲ್ಲ ಭಾವ," ಎಂದ ಟಿಕೆಟ್ ಭಾವ. "ಕಾನೂನು ನಮ್ಮ ಕಡೆಗೇ ಇತ್ತು."

"ಹೇಳಿದ್ರಿ ಭಾವ. ಬಾಡಿಗೆಯವನು ಅಂತ ಬರೆದುಕೊಡೋಕೆ ಹೇಳಿದಾಗ ನನಗೇ ಅರ್ಥ ಆಗ್ಲಿಲ್ಲ."

ಅವಳು ಐದು ನಿಮಿಷದಲ್ಲಿ ಬಂದು, ಡ್ರೈವರಿನ ಪಕ್ಕ ಕೂರದೆ, ಹಿಂದೆ ಚಾಪೆಯ ಪಕ್ಕ ಕೂತಳು. ಮನೆ ತಲುಪುವವರೆಗೆ ಆ ಗಾಜಿನ ಕೋಣೆಯ ಕುರ್ಚಿ ಎಷ್ಟು ಡಿಗ್ರಿ ತಿರುಗುತ್ತದೆ, ಮೇಲೆ ಗಾಳಿ ಹೇಗೆ, ಫೋರ್‌ಮನ್ ಏನೆಂದ, ಅದಕ್ಕೆ ತಾನೇನೆಂದೆ ಎಂದು ಒಪ್ಪಿಸಿದಳು. ಅವನು ಕಣ್ಣು ಮುಚ್ಚಿ ಸದ್ದು ಕೇಳಿದ. ಸರಿಯಾಗಿ ಓಡುತ್ತಿತ್ತು.

ಸೋಮವಾರ ಬೆಳಿಗ್ಗೆ ಆರಕ್ಕೆ ಅವಳು ದೊಡ್ಡ ಕ್ರೇನ್ ಹತ್ತಿದಳು. ಬುಧವಾರ ಅವನ ಕಾರ್ಡು ಬಂತು.